ಏಮಿ ಮನೆಯಲ್ಲಿದ್ದಾಳೆಯೆ?



ಕಾದಂಬರಿಯೊಳಗೆ ಒಂದು ಟೆಲಿಫೋನ್ ನಂಬರ್ ಬರೆಯಬೇಕಾಗಿ ಬಂದರೆ ಕಾದಂಬರಿಕಾರರು ಏನು ಮಾಡುತ್ತಾರೆ? ಯಾರ ಮನೆಯದೂ ಅಲ್ಲದ ಒಂದು ನಂಬರನ್ನು ಹುಟ್ಟುಹಾಕುತ್ತಾರೆ. ಓದುಗರು ಯಾರೋ ಪಾಪದವರ ಮನೆಗೆ ಫೋನು ಹಚ್ಚಿ ಗೋಳು ಹೊಯ್ದುಕೊಳ್ಳಬಾರದಲ್ಲ! ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಲೆಮಿನ್‌ಸ್ಟರ್ ಎಂಬ ಊರಿದೆ. ಆ ಊರಿನ ರಾಬರ್ಟ್ ಕಾರ್ಮಿಯರ್ ಎಂಬ ಲೇಖಕರು 1977ರಲ್ಲಿ ‘ಐ ಆಮ್ ದ ಚೀಸ್’ ಎಂಬ ಕಾದಂಬರಿ ಪ್ರಕಟಿಸಿದರು. ಅದರಲ್ಲಿ ಏಮಿ ಹರ್ಟ್ಸ್ ಎಂಬ ಹುಡುಗಿಯ ಫೋನ್ ನಂಬರ್ ಬರುತ್ತದೆ. ಕಾರ್ಮಿಯರ್ ಅಲ್ಲಿ ಬರೆದದ್ದು ತಮ್ಮ ಸ್ವಂತ ಮನೆಯ ನಂಬರನ್ನೇ.

ಕಾದಂಬರಿಯ ಕಥೆ ಹೀಗಿದೆ. ಆ್ಯಡಮ್ ಎಂಬ ಹುಡುಗ ಆಸ್ಪತ್ರೆಯಲ್ಲಿರುವ ಅಪ್ಪನನ್ನು ನೋಡಲೆಂದು ಹಳೆಯ ಸೈಕಲ್ ಏರಿ ಪಕ್ಕದ ರಾಜ್ಯಕ್ಕೆ ಹೊರಟಿದ್ದಾನೆ. ದಾರಿಯಲ್ಲಿ ಅಲ್ಲಲ್ಲಿ ನಿಂತು ಗೆಳತಿ ಏಮಿಗೆ ಫೋನು ಮಾಡಲು ನೋಡುತ್ತಾನೆ. ಅವಳು ಸಿಗುವುದಿಲ್ಲ. ಕೊನೆಗೊಮ್ಮೆ ಯಾರೋ ಅಪರಿಚಿತ ಗಂಡಸು ಫೋನು ಎತ್ತಿ, ಇಲ್ಲಿ ಏಮಿ ಎಂಬುವವರು ಯಾರೂ ಇಲ್ಲ, ಈ ನಂಬರು ವರ್ಷಗಳಿಂದ ನನ್ನದೇ ಎಂದು ರೇಗುತ್ತಾನೆ. ಓದುವವರ ಎದೆ ಝಲ್ಲೆನ್ನುವ ಜಾಗ ಅದು. ಆ ಹುಡುಗನ ಪ್ರಪಂಚವೇ ಬೇರೇನೋ ಇದೆ ಎಂಬ ಅನುಮಾನ ನಮಗೆ ಅಲ್ಲಿ ಗಟ್ಟಿಯಾಗುತ್ತದೆ.

ಹದಿನಾಲ್ಕು ವರ್ಷದವರಿಗೆ ಇಂಥದ್ದೊಂದು ಕಾದಂಬರಿ ಕೈಗೆ ಸಿಕ್ಕರೆ ಸುಮ್ಮನಿರುತ್ತಾರೆಯೆ? ಫೋನಿನತ್ತ ಕೈ ಹೋಗಿಯೇ ಹೋಗುತ್ತದೆ. ಲೆಮಿನ್‌ಸ್ಟರಿನ ಆ ಮನೆಯಲ್ಲಿ ವರ್ಷಗಟ್ಟಲೆ ಫೋನು ಬಡಿದುಕೊಂಡಿತು. ಆ ಕಡೆಯಿಂದ ಯಾವುದೋ ಎಳೆ ದನಿ ಅಂಜುತ್ತ ಕೇಳುತ್ತಿತ್ತು, ಏಮಿ ಇದ್ದಾಳೆಯೆ ಎಂದು. ಕಾರ್ಮಿಯರ್ ರೇಗುತ್ತಿರಲಿಲ್ಲ. ತಾವು ಏಮಿಯ ಅಪ್ಪ ಮಾತಾಡುತ್ತಿರುವುದಾಗಿ ಹೇಳುತ್ತಿದ್ದರು. ಕಿರಿಯ ಮಗಳು ಮನೆಯಲ್ಲಿದ್ದರೆ ಅವಳ ಕೈಗೆ ಕೊಡುತ್ತಿದ್ದರು, ಅವಳು ಏಮಿಯಾಗಿ ಮಾತಾಡುತ್ತಿದ್ದಳು. ಆಮೇಲೆ ನಿಧಾನವಾಗಿ ಪುಸ್ತಕದ ಮಾತು ಶುರುವಾಗುತ್ತಿತ್ತು. ಫೋನು ಮಾಡಿದ ಎಷ್ಟೋ ಮಕ್ಕಳಿಗೆ ಪುಸ್ತಕಕ್ಕಿಂತ ತಮ್ಮ ಬಗ್ಗೆಯೇ ಹೇಳಿಕೊಳ್ಳುವುದಿತ್ತು. 1983ರಲ್ಲಿ ಆ ಕಾದಂಬರಿ ಸಿನಿಮಾ ಆದಾಗ ಏಮಿಯ ಅಪ್ಪನ ಸಣ್ಣ ಪಾತ್ರವನ್ನು ಕಾರ್ಮಿಯರ್ ಅವರೇ ಮಾಡಿದರು. ಅಷ್ಟು ವರ್ಷ ಫೋನಿನಲ್ಲಿ ಅಭ್ಯಾಸವಾಗಿತ್ತಲ್ಲ!

ಹದಿಹರೆಯದವರಿಗಾಗಿ ಕಾದಂಬರಿ ಬರೆಯುವವರ ದಿನಗಳು ಹೇಗಿರುತ್ತವೆ ಎಂಬುದು ಇಂದಿನ ನನ್ನ ವಿಷಯ. ಬೇರೆ ಲೇಖಕರ ದಿನಚರಿಯಲ್ಲಿ ಓದುಗ ಬರುವುದು ಕೊನೆಗೆ. ಪುಸ್ತಕ ಅಚ್ಚಾಗಿ, ವಿಮರ್ಶೆ ಬಂದು, ಎಲ್ಲೋ ಒಂದು ಸಭೆಯಲ್ಲಿ ಮುಖಾಮುಖಿಯಾದರೆ ಉಂಟು, ಇಲ್ಲವಾದರೆ ಇಲ್ಲ. ಇವರ ವಿಷಯ ಹಾಗಲ್ಲ. ಇವರ ಓದುಗರು ಮನೆಬಾಗಿಲಿಗೇ ಬಂದು ನಿಲ್ಲುತ್ತಾರೆ. ಪ್ರಶ್ನೆ ಕೇಳುತ್ತಾರೆ, ಉತ್ತರ ಬರುವವರೆಗೆ ಕದಲುವುದಿಲ್ಲ. ಅದಕ್ಕೆ ಕಾರ್ಮಿಯರ್ ಅವರಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಅಮೆರಿಕದ ಗ್ರಂಥಾಲಯಗಳಲ್ಲಿ ಮಕ್ಕಳ ಪುಸ್ತಕಗಳಿಗೂ ದೊಡ್ಡವರ ಪುಸ್ತಕಗಳಿಗೂ ನಡುವೆ ಇನ್ನೊಂದು ಕಪಾಟಿರುತ್ತದೆ. ಸುಮಾರು 12ರಿಂದ 18 ವಯಸ್ಸಿನವರಿಗೆ ಅದು. ಈ ವಯಸ್ಸಿನವರ ಓದಿನ ಕೆಲಸಕ್ಕೆಂದೇ ಅಲ್ಲಿನ ಗ್ರಂಥಾಲಯ ಸಂಘ 1957ರಲ್ಲಿ ಒಂದು ಪ್ರತ್ಯೇಕ ವಿಭಾಗ ತೆರೆಯಿತು. ಆದರೆ ಕಪಾಟು ತುಂಬುವಂಥ ಕಾದಂಬರಿಗಳು ಬಂದದ್ದು ಅದಾದ ಹತ್ತು ವರ್ಷಕ್ಕೆ. ಅದಕ್ಕೆ ದಾರಿ ತೆರೆದ ಕಾದಂಬರಿ ಬರೆದವಳೂ ಹದಿಹರೆಯದವಳೇ. ಓಕ್ಲಹೋಮ ರಾಜ್ಯದ ಟಲ್ಸಾ ಎಂಬ ಊರಿನ ಎಸ್. ಇ. ಹಿಂಟನ್ 15ನೆಯ ವಯಸ್ಸಿನಲ್ಲಿ ‘ದಿ ಔಟ್‌ಸೈಡರ್ಸ್’ ಬರೆಯಲು ಕೂತಳು. ಹೈಸ್ಕೂಲಿನಲ್ಲಿ ಬಡವರ ಮಕ್ಕಳ ಗುಂಪು ಒಂದು, ಸಿರಿವಂತರ ಮಕ್ಕಳ ಗುಂಪು ಒಂದು, ಅವರ ನಡುವಿನ ಹೊಡೆದಾಟ: ಅವಳು ಕಣ್ಣಾರೆ ಕಂಡದ್ದು. ಅಪ್ಪ ಕ್ಯಾನ್ಸರಿನಿಂದ ಸಾಯುತ್ತಿದ್ದ ವರ್ಷ ಅದು. ಅದೇ ವರ್ಷ ಶಾಲೆಯಲ್ಲಿ ಸೃಜನಶೀಲ ಬರವಣಿಗೆಯ ತರಗತಿಯಲ್ಲಿ ಅವಳಿಗೆ ಸಿಕ್ಕ ದರ್ಜೆ ‘ಡಿ’. ಪುಸ್ತಕ 1967ರ ಏಪ್ರಿಲಿನಲ್ಲಿ ಹೊರಬಂದಾಗ ಅವಳಿಗೆ 18. ಹುಡುಗಿಯ ಹೆಸರು ಕಂಡರೆ ವಿಮರ್ಶಕರು ಮೂಗು ಮುರಿದಾರು ಎಂದು ಪ್ರಕಾಶಕರು ಬರೀ ಇನಿಷಿಯಲ್ ಹಾಕಿಸಿದರು.

ಹಿಂಟನ್ ಕಥೆಯಲ್ಲಿ ನನಗೆ ಇಷ್ಟವಾಗುವ ಭಾಗ ಆಮೇಲಿನದು. ಪುಸ್ತಕ ಹೆಸರು ಮಾಡಿದ್ದೇ ತಡ, ಅವಳ ಕೈ ಕಟ್ಟಿಹೋಯಿತು. ಮೂರು ನಾಲ್ಕು ವರ್ಷ ಏನೂ ಬರೆಯಲಾಗಲಿಲ್ಲ. ಆಗ ಅವಳ ಗೆಳೆಯ, ಮುಂದೆ ಅವಳ ಗಂಡನಾದವನು, ಒಂದು ಷರತ್ತು ಹಾಕಿದ: ದಿನಕ್ಕೆ ಎರಡು ಪುಟ ಬರೆದರೆ ಮಾತ್ರ ಸಂಜೆ ಜೊತೆಯಲ್ಲಿ ಹೊರಗೆ ಹೋಗುವುದು, ಇಲ್ಲದಿದ್ದರೆ ಇಲ್ಲ. ದಿನಕ್ಕೆ ಎರಡೇ ಪುಟದಂತೆ ಬರೆದು ಮುಗಿಸಿದ ಎರಡನೆಯ ಕಾದಂಬರಿ 1971ರಲ್ಲಿ ಬಂತು. ಸ್ಫೂರ್ತಿ ಬರಲಿ ಎಂದು ಕಾಯುತ್ತ ಕೂತಿರುವ ನಮ್ಮ ಕವಿಮಿತ್ರರಿಗೂ ಇಂಥ ಷರತ್ತು ಹಾಕುವವರು ಒಬ್ಬರು ಸಿಗಬೇಕು.

ಕಾರ್ಮಿಯರ್ ಅವರ ಹಾದಿ ಬೇರೆ. ಅವರು ಈ ಕಪಾಟಿಗೆ ಬಂದದ್ದು ಐವತ್ತರ ಹೊಸ್ತಿಲಲ್ಲಿ, ಅದೂ ಬಯಸಿ ಬಂದದ್ದಲ್ಲ.

1925ರ ಜನವರಿಯಲ್ಲಿ ಲೆಮಿನ್‌ಸ್ಟರಿನ ಫ್ರೆಂಚ್ ಹಿಲ್ ಎಂಬ ಕೇರಿಯಲ್ಲಿ ಅವರು ಹುಟ್ಟಿದರು. ಕೆನಡಾದಿಂದ ಕೆಲಸ ಹುಡುಕಿಕೊಂಡು ಬಂದ ಫ್ರೆಂಚ್ ಮಾತಿನ ಕ್ಯಾಥೊಲಿಕ್ಕರು ಬೀಡುಬಿಟ್ಟ ಜಾಗ. ಬಾಚಣಿಗೆ ತಯಾರಿಕೆಗೆ ಹೆಸರಾದ ಊರು ಅದು. ಅಪ್ಪನ ದುಡಿಮೆಯೂ ಬಾಚಣಿಗೆ ಕಾರ್ಖಾನೆಯಲ್ಲೇ. ಎಂಟು ಮಕ್ಕಳ ಮನೆಯಲ್ಲಿ ಇವರು ಎರಡನೆಯವರು. ಚರ್ಚಿನ ಶಾಲೆಯಲ್ಲಿ ಸಿಸ್ಟರುಗಳ ಕೈಕೆಳಗೆ ಓದು. ಆ ಶಾಲೆಯ ಎರಡು ನೆನಪುಗಳನ್ನು ಅವರು ಬದುಕಿಡೀ ಹೇಳುತ್ತಿದ್ದರು. ಏಳನೆಯ ತರಗತಿಯಲ್ಲಿ ಅವರು ಬರೆದ ಒಂದು ಪದ್ಯವನ್ನು ಓದಿದ ಸಿಸ್ಟರ್ ಒಬ್ಬರು, ನೀನು ಬರಹಗಾರ ಎಂದರು. ಅಂದಿನಿಂದ ಹುಡುಗನಿಗೆ ತಾನು ಯಾರೆಂಬುದರ ಬಗ್ಗೆ ಅನುಮಾನ ಉಳಿಯಲಿಲ್ಲ.

ಇನ್ನೊಂದು ನೆನಪು ಕಹಿಯದು. ತರಗತಿಯಲ್ಲಿ ಕೂತಿದ್ದ ಹುಡುಗ ಕಿಟಕಿಯಾಚೆ ನೋಡುತ್ತಾನೆ, ತನ್ನ ಮನೆಗೇ ಬೆಂಕಿ ಬಿದ್ದಿದೆ! ಎದ್ದು ಓಡಬೇಕೆಂದರೆ ಸಿಸ್ಟರ್ ಬಿಡಲಿಲ್ಲ. ಮೊದಲು ಪ್ರಾರ್ಥನೆ ಹೇಳಿ ಮುಗಿಸು, ಆಮೇಲೆ ಹೋಗು ಎಂದರು. ಹುಡುಗ ಜಪಮಣಿಯ ಪ್ರಾರ್ಥನೆಯನ್ನು ಒಂದೊಂದಾಗಿ ಹೇಳಿ ಮುಗಿಸಿ ಓಡಿದ. ಮನೆಯವರಿಗೆ ಏನೂ ಆಗಿರಲಿಲ್ಲ. ಆದರೆ ಆ ಸಿಟ್ಟು ಬಹಳ ಕಾಲ ಆರಲಿಲ್ಲ. ಕಾರ್ಮಿಯರ್ ಕೊನೆಯವರೆಗೂ ಚರ್ಚಿಗೆ ಹೋಗುತ್ತಿದ್ದ ಭಕ್ತರೇ. ಹಾಗಿದ್ದೂ ಅವರ ಕಾದಂಬರಿಗಳಲ್ಲಿ ಅಧಿಕಾರ ಕೈಯಲ್ಲಿರುವ ದೊಡ್ಡವರನ್ನು ಕಂಡರೆ ಮೈ ನಡುಗುತ್ತದೆ. ಗದರಿಸುವವರಲ್ಲ ಅವರು. ನಿಮ್ಮ ಒಳ್ಳೆಯದಕ್ಕೇ ಎಂದು ನಗುತ್ತ ಮಾತಾಡುವವರು. ಹುಡುಗರು ಅಂಥವರನ್ನು ದೊಡ್ಡವರಿಗಿಂತ ಬೇಗ ಗುರುತು ಹಿಡಿಯುತ್ತಾರೆ.

ಆಮೇಲೆ ಪಕ್ಕದ ಊರಾದ ಫಿಚ್‌ಬರ್ಗಿನ ಶಿಕ್ಷಕರ ಕಾಲೇಜಿಗೆ ಸೇರಿದರು, ಒಂದು ವರ್ಷಕ್ಕೆ ಬಿಟ್ಟರು. ಆ ಒಂದು ವರ್ಷದ ಲಾಭವೆಂದರೆ, ಅಲ್ಲಿನ ಅಧ್ಯಾಪಕಿಯೊಬ್ಬರು ಇವರ ಕಥೆಯೊಂದನ್ನು ಇವರಿಗೇ ಹೇಳದೆ ‘ದಿ ಸೈನ್’ ಎಂಬ ಕ್ಯಾಥೊಲಿಕ್ ಪತ್ರಿಕೆಗೆ ಕಳಿಸಿದರು. 75 ಡಾಲರಿನ ಚೆಕ್ ಬಂತು. ಬರೆದು ದುಡ್ಡು ಸಂಪಾದಿಸಬಹುದು ಎಂಬುದು ಗೊತ್ತಾಯಿತು.

ಈಗ ನಮ್ಮ ಬಾನುಲಿಗೆ ಸಂಬಂಧಪಟ್ಟ ಒಂದು ಸಂಗತಿ. ಕಾರ್ಮಿಯರ್ ಅವರ ಮೊದಲ ಬರವಣಿಗೆಯ ನೌಕರಿ ರೇಡಿಯೋದಲ್ಲಿ. ಪಕ್ಕದ ವುಸ್ಟರ್ ಪಟ್ಟಣದ ನಿಲಯದಲ್ಲಿ 1946ರಿಂದ ಎರಡು ವರ್ಷ ಜಾಹೀರಾತು ಬರೆದರು. ನಿಮಿಷದೊಳಗೆ, ನೂರು ಪದದೊಳಗೆ ಸಾಮಾನಿನ ಗುಣಗಾನ ಮುಗಿಯಬೇಕು. ಕೇಳುವವರು ಅಡುಗೆ ಮಾಡುತ್ತಿರುತ್ತಾರೆ, ಕಾರು ಓಡಿಸುತ್ತಿರುತ್ತಾರೆ. ಒಂದು ವಾಕ್ಯ ಜಾಳಾದರೆ ಕಿವಿ ಬೇರೆಡೆಗೆ ಹೋಗುತ್ತದೆ. ಅವರ ಕಾದಂಬರಿಗಳ ಚಿಕ್ಕ ಚಿಕ್ಕ ಅಧ್ಯಾಯಗಳನ್ನು, ತಟ್ಟನೆ ಕತ್ತರಿಸಿ ಮುಂದೆ ಹೋಗುವ ರೀತಿಯನ್ನು ನೋಡಿದರೆ ಆ ಪಾಠ ವ್ಯರ್ಥವಾಗಲಿಲ್ಲ ಅನ್ನಿಸುತ್ತದೆ. ಇಪ್ಪತ್ತು ನಿಮಿಷ ಮಾತಾಡಲು ಒಪ್ಪಿಕೊಂಡಿರುವ ನನಗೂ ಆ ಪಾಠ ಬೇಕಿತ್ತು.

1948ರಲ್ಲಿ ಪತ್ರಿಕೆಗೆ ಸೇರಿದರು. ಅಲ್ಲಿಂದ ಮೂವತ್ತು ವರ್ಷ ಪತ್ರಿಕೆಯ ಕೆಲಸವೇ: ಮೊದಲು ವುಸ್ಟರಿನಲ್ಲಿ, 1955ರಿಂದ ಫಿಚ್‌ಬರ್ಗಿನಲ್ಲಿ. ವರದಿಗಾರ, ತಂತಿ ಸುದ್ದಿಗಳ ಸಂಪಾದಕ, ಆಮೇಲೆ ಸಹ ಸಂಪಾದಕ. ‘ಜಾನ್ ಫಿಚ್ ನಾಲ್ಕನೆಯವನು’ ಎಂಬ ಕಾವ್ಯನಾಮದಲ್ಲಿ ಅಂಕಣವನ್ನೂ ಬರೆದರು. ಊರಿನವರ ಸಣ್ಣಪುಟ್ಟ ಸುಖದುಃಖ, ಮನೆಯ ಮಕ್ಕಳು, ಹಳೆಯ ಸಿನಿಮಾ, ಇವೇ ವಸ್ತು. ಆ ಅಂಕಣಗಳನ್ನು ಮುಂದೆ ಅವರ ಹೆಂಡತಿಯೇ ಆಯ್ದು ಸಂಪಾದಿಸಿ ಪುಸ್ತಕ ಮಾಡಿದರು.

ನಾಲ್ಕು ಮಕ್ಕಳ ಸಂಸಾರ. ಹಗಲು ಪತ್ರಿಕಾಲಯ, ರಾತ್ರಿ ಮತ್ತು ವಾರದ ಕೊನೆ ಕಾದಂಬರಿ. ಬರೆಯಲು ಬೇರೆ ಊರಿಗೆ ಹೋಗಲಿಲ್ಲ, ಬೆಟ್ಟದ ಮೇಲೆ ಮನೆ ಮಾಡಲಿಲ್ಲ. ಹುಟ್ಟಿದ ಕೇರಿಯಿಂದ ಕೂಗಳತೆಯಲ್ಲೇ ಬದುಕು ಕಳೆದರು. ನಿದ್ದೆ ಹತ್ತದ ಪ್ರಾಣಿ ಬೇರೆ, ರಾತ್ರಿಯೆಲ್ಲ ಓದು. 1960, 63, 65ರಲ್ಲಿ ದೊಡ್ಡವರಿಗಾಗಿ ಬರೆದ ಮೂರು ಕಾದಂಬರಿಗಳು ಬಂದವು. ಒಳ್ಳೆಯ ಮಾತು ಕೇಳಿಬಂತು, ದುಡ್ಡು ಬರಲಿಲ್ಲ. ಆಮೇಲೆ ಒಂಬತ್ತು ವರ್ಷ ಒಂದೂ ಕಾದಂಬರಿ ಹೊರಬರಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಮಕ್ಕಳು ಬೆಳೆದಿದ್ದರು. ಹದಿಹರೆಯದ ಮಕ್ಕಳಿರುವ ಮನೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಬಾಗಿಲು ಧಡಾರನೆ ಹಾಕಿಕೊಳ್ಳುತ್ತದೆ, ಇನ್ನೊಂದು ಕೋಣೆಯಲ್ಲಿ ಹಾಡು ಕಿವಿಗಡಚಿಕ್ಕುತ್ತದೆ, ಊಟದ ಹೊತ್ತಿಗೆ ಒಬ್ಬರು ಮುಖ ಊದಿಸಿಕೊಂಡು ಕೂತಿರುತ್ತಾರೆ. ಪತ್ರಕರ್ತನ ಕಣ್ಣು ಇದನ್ನೆಲ್ಲ ನೋಡುತ್ತಿತ್ತು.

ಒಂದು ದಿನ ಹೈಸ್ಕೂಲಿನಲ್ಲಿದ್ದ ಮಗ ಎರಡು ದೊಡ್ಡ ಚೀಲಗಳ ತುಂಬ ಚಾಕೊಲೇಟ್ ಪೆಟ್ಟಿಗೆಗಳನ್ನು ಹೊತ್ತು ಮನೆಗೆ ಬಂದ. ಶಾಲೆಗೆ ಹಣ ಕೂಡಿಸಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಇಷ್ಟು ಮಾರಿಕೊಂಡು ಬರಬೇಕು ಎಂದು ಕೊಟ್ಟದ್ದು. ಲಾಟರಿ ಟಿಕೆಟ್ ಪುಸ್ತಕ, ಧ್ವಜ, ಕಾಣಿಕೆ ಕಾರ್ಡು ಎಂದೆಲ್ಲ ನಮ್ಮ ಮಕ್ಕಳೂ ಮನೆಗೆ ತಂದದ್ದುಂಟು. ನಾವು ಏನು ಮಾಡುತ್ತೇವೆ? ಹಾಳಾಗಲಿ ಎಂದು ನಾವೇ ಅರ್ಧ ಕೊಂಡು, ಉಳಿದರ್ಧವನ್ನು ಆಫೀಸಿನವರ ತಲೆಗೆ ಕಟ್ಟುತ್ತೇವೆ. ಆ ಮನೆಯಲ್ಲಿ ಅಪ್ಪ ಮಗ ಕೂತು ಮಾತಾಡಿದರು. ಮಾರಬಹುದು, ಅಪ್ಪನೇ ಅಷ್ಟನ್ನೂ ಕೊಂಡುಬಿಡಬಹುದು, ಇಲ್ಲವೇ ಮಾರುವುದಿಲ್ಲ ಎಂದು ವಾಪಸು ಕೊಡಬಹುದು. ಮಗ ಮೂರನೆಯದನ್ನು ಆರಿಸಿಕೊಂಡ. ಅಪ್ಪ ಒಪ್ಪಿಗೆಯ ಕಾಗದ ಬರೆದುಕೊಟ್ಟರು.

ಚೀಲಗಳೊಂದಿಗೆ ಮಗ ಶಾಲೆಯ ಒಳಗೆ ಹೋಗುವಾಗ ಅಪ್ಪನ ಹೊಟ್ಟೆಯಲ್ಲಿ ಸಂಕಟ. ಅಲ್ಲಿ ಇವನನ್ನು ಯಾರಾದರೂ ಹೀಯಾಳಿಸಿದರೆ? ಮೇಷ್ಟ್ರು ಹಗೆ ಸಾಧಿಸಿದರೆ? ಹುಡುಗರು ಸುತ್ತುಗಟ್ಟಿದರೆ? ನಿಜವಾಗಿ ಆದದ್ದು ಏನೂ ಇಲ್ಲ. ಶಾಲೆಯವರು ಚಾಕೊಲೇಟ್ ವಾಪಸು ತೆಗೆದುಕೊಂಡರು, ಮಗ ಸಂಜೆ ಮಾಮೂಲಿನಂತೆ ಮನೆಗೆ ಬಂದ. ಅಲ್ಲಿಗೆ ಮಗನ ಪಾಲಿನ ಕಥೆ ಮುಗಿಯಿತು. ಅಪ್ಪನ ಪಾಲಿಗೆ ಮುಗಿಯಲಿಲ್ಲ. ‘ಹಾಗಾಗಿದ್ದರೆ?’ ಎಂಬ ಪ್ರಶ್ನೆಯನ್ನು ಟೈಪ್‌ರೈಟರಿನ ಮುಂದೆ ಇಟ್ಟುಕೊಂಡು ಕೂತರು.

ಅದೇ ‘ದಿ ಚಾಕೊಲೇಟ್ ವಾರ್’. ಟ್ರಿನಿಟಿ ಎಂಬ ಕಾಲ್ಪನಿಕ ಶಾಲೆ, ಮಾರಬೇಕಾದ 20,000 ಪೆಟ್ಟಿಗೆ ಚಾಕೊಲೇಟ್, ತಾಯಿಯನ್ನು ಕಳೆದುಕೊಂಡ ಜೆರಿ ಎಂಬ ಹುಡುಗ. ಶಾಲೆಯಲ್ಲಿ ಹುಡುಗರದೇ ಒಂದು ಗುಪ್ತ ಕೂಟವಿದೆ. ಮೊದಲು ಆ ಕೂಟದ ಅಪ್ಪಣೆಯ ಮೇಲೆ ಜೆರಿ ಹತ್ತು ದಿನ ಮಾರುವುದಿಲ್ಲ ಎನ್ನುತ್ತಾನೆ. ಅವಧಿ ಮುಗಿದ ಮೇಲೂ ಮಾರುವುದಿಲ್ಲ ಎನ್ನುತ್ತಾನೆ. ಈ ಸಲ ಅಪ್ಪಣೆ ಯಾರದೂ ಇಲ್ಲ. ಪ್ರತಿದಿನ ಬೆಳಿಗ್ಗೆ ಶಾಲೆಯ ಮೇಷ್ಟ್ರು ಬ್ರದರ್ ಲಿಯಾನ್ ಹಾಜರಿ ಕೂಗಿದಂತೆ ಹೆಸರು ಕೂಗುತ್ತಾನೆ, ಒಬ್ಬೊಬ್ಬರೂ ಎಷ್ಟು ಮಾರಿದೆವು ಎಂದು ಹೇಳಬೇಕು, ಜೆರಿಯ ಸರದಿ ಬಂದಾಗ ಅವನ ಬಾಯಿಂದ ಬರುವುದು ‘ಇಲ್ಲ’. ಆ ಒಂದು ಮಾತಿನಿಂದ ಶಾಲೆಯೇ ಅಲ್ಲಾಡುತ್ತದೆ. ಮೊದಮೊದಲು ಮೆಚ್ಚಿಕೊಂಡ ಹುಡುಗರೇ ಕೊನೆಗೆ ಅವನ ಮೇಲೆ ತಿರುಗಿಬೀಳುತ್ತಾರೆ. ಎಲ್ಲರ ಕಣ್ಣೆದುರು ನಡೆಸಿದ ಮುಷ್ಟಿಕಾಳಗದಲ್ಲಿ ಜೆರಿ ರಕ್ತಕಾರಿ ನೆಲಕ್ಕೆ ಬೀಳುತ್ತಾನೆ. ಬಿದ್ದವನು, ಪ್ರಪಂಚಕ್ಕೆ ಎದುರು ನಿಲ್ಲಬೇಡ ಎಂದು ಗೆಳೆಯನಿಗೆ ಹೇಳಬೇಕೆಂದುಕೊಳ್ಳುತ್ತಾನೆ. ಕಾದಂಬರಿ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯುತ್ತದೆ.

ಇದನ್ನು ಬರೆಯುವಾಗ ಕಾರ್ಮಿಯರ್ ಇದು ಯಾವ ವಯಸ್ಸಿನವರಿಗೆ ಎಂದು ಯೋಚಿಸಿರಲಿಲ್ಲ. ಹಸ್ತಪ್ರತಿ ಓದಿದ ಅವರ ಏಜೆಂಟ್ ಮೇರಿಲಿನ್ ಮಾರ್ಲೊ ಎಂಬಾಕೆ ಇದು ಹದಿಹರೆಯದವರ ಕಪಾಟಿಗೆ ಸೇರಬೇಕಾದದ್ದು ಎಂದರು. ಹಲವು ಪ್ರಕಾಶಕರು ಹಿಂದಕ್ಕೆ ಕಳಿಸಿದರು. ಅಂತ್ಯ ಬದಲಿಸಿದರೆ ಹಾಕುತ್ತೇವೆ, ಹುಡುಗ ಗೆಲ್ಲಲಿ ಎಂದವರೂ ಇದ್ದರು. ಕೈಯಲ್ಲಿ ದುಡ್ಡಿಲ್ಲದ, ನಾಲ್ಕು ಮಕ್ಕಳ ಅಪ್ಪನಿಗೆ ಅದು ಸಣ್ಣ ಆಮಿಷವಲ್ಲ. ಅವರು ಬದಲಿಸಲಿಲ್ಲ. 1974ರಲ್ಲಿ ಪ್ಯಾಂಥಿಯಾನ್ ಪ್ರಕಾಶನ ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿತು. 1988ರಲ್ಲಿ ಇದನ್ನು ಸಿನಿಮಾ ಮಾಡಿದವರು ಮಾತ್ರ ಅಂತ್ಯವನ್ನು ತಿರುಗಿಸಿದರು. ಕಾದಂಬರಿಯ ಜೀವವೇ ಅಲ್ಲಿ ಹೋಯಿತು ಎಂಬುದು ನನ್ನ ಅಭಿಪ್ರಾಯ.

ಇಲ್ಲಿಂದ ಅವರ ದಿನಚರಿ ಬದಲಾಯಿತು. ಕಾಗದಗಳು ಬರತೊಡಗಿದವು. ಹದಿಹರೆಯದವರು ಲೇಖಕರಿಗೆ ಬರೆಯುವ ಕಾಗದದಲ್ಲಿ ‘ಮಾನ್ಯರೆ, ತಮ್ಮ ಕೃತಿ ಮನೋಜ್ಞವಾಗಿದೆ’ ಎಂಬ ಒಕ್ಕಣೆ ಇರುವುದಿಲ್ಲ. ನೇರವಾಗಿ ಜಗಳಕ್ಕೇ ಬರುತ್ತಾರೆ. ಜೆರಿಯನ್ನು ಯಾಕೆ ಸೋಲಿಸಿದಿರಿ? ಅವನು ಬದುಕಿದನೆ, ಸತ್ತನೆ? ಇನ್ನು ಕೆಲವರದು ಶಾಲೆಯಲ್ಲಿ ಪ್ರಬಂಧ ಒಪ್ಪಿಸಬೇಕಾದ ಅವಸರ. ಅದಕ್ಕೆ ಲೇಖಕರಿಂದಲೇ ಉತ್ತರ ಬರೆಸಿಕೊಳ್ಳುವ ಚಾಲಾಕಿ. ಮತ್ತೆ ಕೆಲವರು, ನಮ್ಮ ಶಾಲೆಯಲ್ಲೂ ಹೀಗೇ ನಡೆಯುತ್ತಿದೆ ಎಂದು ಬರೆಯುವವರು. ಲೇಖಕನೊಬ್ಬ ನಿಜವಾಗಿ ಕೂತು ಉತ್ತರ ಬರೆಯಬೇಕಾದದ್ದು ಈ ಕೊನೆಯವರಿಗೆ. ಕಾರ್ಮಿಯರ್ ಬರೆದರು. 1978ರಲ್ಲಿ ಪತ್ರಿಕೆಯ ನೌಕರಿ ಬಿಟ್ಟರು. ಬಿಟ್ಟು ಸಿಕ್ಕಿದ ಹೊತ್ತೆಲ್ಲ ಕಾದಂಬರಿಗೇ ಹೋಯಿತೆಂದಲ್ಲ. ಶಾಲೆಗಳು ಕರೆದವು, ಗ್ರಂಥಾಲಯಗಳು ಕರೆದವು, ಕಾಗದಗಳು ಕೂಡಿಬಿದ್ದವು. ಜೆರಿಗೆ ಏನಾಯಿತು ಎಂದು ವರ್ಷಗಟ್ಟಲೆ ಕೇಳಿಸಿಕೊಂಡವರು 1985ರಲ್ಲಿ ಅದರ ಮುಂದಿನ ಭಾಗವನ್ನೂ ಬರೆದರು.

ಇನ್ನೊಂದು ಬಗೆಯ ಕೆಲಸವೂ ಇವರ ದಿನಗಳಿಗೆ ಗಂಟುಬಿತ್ತು. ಪುಸ್ತಕವನ್ನು ಶಾಲೆಯಿಂದ ತೆಗೆಸಿ ಎನ್ನುವ ತಂದೆತಾಯಿಗಳ ದೂರು. ಬೈಗುಳವಿದೆ, ದೇಹದ ಮಾತಿದೆ, ದೊಡ್ಡವರಿಗೆ ಗೌರವವಿಲ್ಲ, ಕೊನೆಯಲ್ಲಿ ಆಶಾಕಿರಣವಿಲ್ಲ. 1986ರಲ್ಲಿ ಫ್ಲಾರಿಡಾದ ಪನಾಮಾ ಸಿಟಿಯಲ್ಲಿ ‘ಐ ಆಮ್ ದ ಚೀಸ್’ ಮೇಲೆ ಇಂಥ ದೂರು ಬಂದು ಪುಸ್ತಕ ತರಗತಿಯಿಂದ ಹೊರಬಿತ್ತು. ಅಲ್ಲಿನ ಶಿಕ್ಷಕಿಯರು, ಕೆಲವು ತಂದೆತಾಯಿಗಳು, ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಇಂಥ ಜಗಳಗಳಲ್ಲಿ ಕಾರ್ಮಿಯರ್ ಶಿಕ್ಷಕರ ಬೆನ್ನಿಗೆ ನಿಲ್ಲುತ್ತಿದ್ದರು. ಪುಸ್ತಕವನ್ನು ತರಗತಿಗೆ ತಂದ ಮೇಷ್ಟ್ರು ತಾನೆ ಮೊದಲು ಪೆಟ್ಟು ತಿನ್ನುವವರು! 2000ದ ನವೆಂಬರಿನಲ್ಲಿ ಅವರು ತೀರಿಕೊಂಡರು. ಅದಾಗಿ ನಾಲ್ಕು ವರ್ಷಕ್ಕೆ, 2004ರಲ್ಲಿ, ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳೆಂದು ಅಮೆರಿಕದ ಗ್ರಂಥಾಲಯ ಸಂಘ ಮಾಡಿದ ಪಟ್ಟಿಯಲ್ಲಿ ‘ದಿ ಚಾಕೊಲೇಟ್ ವಾರ್’ ಮೊದಲನೆಯದಾಗಿತ್ತು. ಅದೇ ಗ್ರಂಥಾಲಯ ಸಂಘ 1991ರಲ್ಲಿ ಇದೇ ಪುಸ್ತಕವನ್ನೂ ಸೇರಿಸಿ ಅವರಿಗೆ ಮಾರ್ಗರೆಟ್ ಎಡ್ವರ್ಡ್ಸ್ ಪ್ರಶಸ್ತಿ ಕೊಟ್ಟಿತ್ತು ಎಂಬುದನ್ನೂ ಜೊತೆಗೆ ಹೇಳಬೇಕು.

ಕಾರ್ಮಿಯರ್ ಅವರದಕ್ಕಿಂತ ತೀರ ಬೇರೆಯಾದ ದಿನಚರಿ ವಾಲ್ಟರ್ ಡೀನ್ ಮೈಯರ್ಸ್ ಅವರದು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬೆಳೆದ ಕಪ್ಪು ಜನಾಂಗದ ಲೇಖಕ. ಹೈಸ್ಕೂಲು ಬಿಟ್ಟು 17ಕ್ಕೆ ಸೈನ್ಯ ಸೇರಿದವರು. ಬೆಳಕು ಹರಿಯುವ ಮೊದಲೇ ಎದ್ದು, ದಿನಕ್ಕೆ ಐದು ಪುಟ ಎಂದು ಲೆಕ್ಕ ಇಟ್ಟು ಬರೆಯುತ್ತಿದ್ದವರು. ಐದು ಪುಟವಾದರೆ ಆ ದಿನದ ಕೆಲಸ ಮುಗಿಯಿತು. ಪುಸ್ತಕ ಶುರುಮಾಡುವ ಮೊದಲು ಪಾತ್ರಗಳಿಗೆ ಹೊಂದುವ ಮುಖಗಳನ್ನು ಹಳೆಯ ಪತ್ರಿಕೆಗಳಿಂದ ಆರಿಸಿಕೊಳ್ಳುತ್ತಿದ್ದರು. ಹೆಂಡತಿ ಅವನ್ನೆಲ್ಲ ಜೋಡಿಸಿ ಅಂಟಿಸಿದ ಹಾಳೆ ಬರೆಯುವ ಮೇಜಿನ ಮೇಲಿನ ಗೋಡೆಗೆ ಏರುತ್ತಿತ್ತು. ಬೆಳಿಗ್ಗೆ ಕಣ್ಣೆತ್ತಿದರೆ ತಮ್ಮ ಪಾತ್ರಗಳೆಲ್ಲ ಎದುರಿಗೇ! ಹೀಗೆ ನೂರಕ್ಕೂ ಹೆಚ್ಚು ಪುಸ್ತಕ ಬರೆದರು. ಅವರ ಉಳಿದ ಹೊತ್ತು ಹೋದದ್ದು ಶಾಲೆಗಳಿಗೆ, ಬಾಲಾಪರಾಧಿಗಳ ಸೆರೆಮನೆಗಳಿಗೆ. ಕಂಬಿಯೊಳಗಿನ ಹುಡುಗರೊಂದಿಗೆ ಕೂತು ಮಾತಾಡಿ ಬಂದದ್ದು 1999ರ ‘ಮಾನ್‌ಸ್ಟರ್’ ಕಾದಂಬರಿಗೆ ನೆಲವಾಯಿತು. ಕೊಲೆ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದ 16ರ ಹುಡುಗ ತನ್ನ ಕಥೆಯನ್ನು ತಾನೇ ಸಿನಿಮಾದ ಚಿತ್ರಕಥೆಯಂತೆ ಬರೆದುಕೊಳ್ಳುವ ಕಾದಂಬರಿ ಅದು. ಹದಿಹರೆಯದವರ ಪುಸ್ತಕಗಳಿಗಾಗಿ ಹೊಸದಾಗಿ ಶುರುವಾದ ಪ್ರಿಂಟ್ಸ್ ಪ್ರಶಸ್ತಿ 2000ದಲ್ಲಿ ಮೊಟ್ಟಮೊದಲು ಹೋದದ್ದು ಇದಕ್ಕೇ.

ಈ ವಯಸ್ಸಿನ ಓದುಗರ ಹಟಕ್ಕೆ ಇನ್ನೊಂದು ನಿದರ್ಶನ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಪಟ್ಟಣದ ಶಾಲೆಯೊಂದರ ಮಕ್ಕಳು ಮತ್ತು ಅವರ ಗ್ರಂಥಪಾಲಕಿ ಸೇರಿ, ‘ಗಾಡ್‌ಫಾದರ್’ ಸಿನಿಮಾ ಮಾಡಿದ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರಿಗೆ 1980ರಲ್ಲಿ ಒಂದು ಕಾಗದ ಬರೆದರು. ನಮ್ಮ ಮೆಚ್ಚಿನ ‘ದಿ ಔಟ್‌ಸೈಡರ್ಸ್’ ಕಾದಂಬರಿಯನ್ನು ನೀವೇ ಸಿನಿಮಾ ಮಾಡಬೇಕು ಎಂದು, ಕೆಳಗೆ ಸಾಲಾಗಿ ಮಕ್ಕಳ ರುಜು. ಅಷ್ಟು ದೊಡ್ಡ ನಿರ್ದೇಶಕ ಪುಸ್ತಕ ಓದಿದರು, ಸಿನಿಮಾ ಮಾಡಿದರು. 1983ರಲ್ಲಿ ಅದು ಬಿಡುಗಡೆಯೂ ಆಯಿತು.

ನಮ್ಮಲ್ಲಿ? ನನ್ನ ತಲೆಮಾರಿನವರು ‘ಚಂದಮಾಮ’, ‘ಬಾಲಮಿತ್ರ’ಗಳಿಂದ ಒಂದೇ ನೆಗೆತಕ್ಕೆ ಎನ್. ನರಸಿಂಹಯ್ಯನವರ ಪತ್ತೇದಾರಿಗೆ ಹಾರಿದವರು. ಅಕ್ಕ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ತ್ರಿವೇಣಿ, ಎಂ. ಕೆ. ಇಂದಿರಾ, ‘ಸುಧಾ’ದ ಧಾರಾವಾಹಿ, ಆಮೇಲೆ ಯಂಡಮೂರಿ. ಪಠ್ಯಪುಸ್ತಕದ ಮರೆಯಲ್ಲಿ ಇಟ್ಟುಕೊಂಡು ಓದಿದ್ದು ಇವನ್ನೇ. ರುಚಿಯಾಗಿಯೇ ಇದ್ದವು. ಆದರೆ ಅವು ಯಾವುವೂ ನಮ್ಮ ವಯಸ್ಸನ್ನು ಮನಸ್ಸಿನಲ್ಲಿಟ್ಟು ಬರೆದವಲ್ಲ. ಪುಟ್ಟ ಮಕ್ಕಳ ವಿಷಯದಲ್ಲಿ ಕನ್ನಡಕ್ಕೆ ಕೊರತೆಯಿಲ್ಲ. ಪಂಜೆಯವರು, ರಾಜರತ್ನಂ, ‘ಬಾಲ ಪ್ರಪಂಚ’ ಮಾಡಿದ ಕಾರಂತರು ಇದ್ದಾರೆ. ಕಾರಂತರಂತೂ ಯಾರು ಕಾಗದ ಬರೆದರೂ ಉತ್ತರ ಬರೆಯುತ್ತಿದ್ದವರು. ಸಾಗರದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರಿ ಮಾಡುತ್ತಲೇ ಕಾದಂಬರಿ ಬರೆದರು. ಶರಾವತಿಯ ಮುಳುಗಡೆಯನ್ನು ಕಣ್ಣಾರೆ ಕಂಡು ದೊಡ್ಡವರಿಗೂ ಬರೆದರು, ಮಕ್ಕಳಿಗೂ ಬರೆದರು. ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅದೇ ವರ್ಷ ಅಕಾಡೆಮಿ ಯುವ ಪುರಸ್ಕಾರವನ್ನೂ ಶುರುಮಾಡಿತು. ಆದರೆ ಅದನ್ನು ಕೊಡುವುದು ಬರೆಯುವವರ ವಯಸ್ಸು ನೋಡಿ, ಓದುವವರ ವಯಸ್ಸು ನೋಡಿ ಅಲ್ಲ. ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರಿಗೆ ಎಂದು ಬೇರೆ ಮಾಡಿಟ್ಟ ಕಪಾಟನ್ನು ನಮ್ಮ ಪುಸ್ತಕದಂಗಡಿಗಳಲ್ಲಿ ನಾನಂತೂ ಕಂಡಿಲ್ಲ.

ಬರೆಯುವವರಿಗೆ ಈ ವಯಸ್ಸಿನವರ ಭಯವೂ ಇದೆ ಎಂದು ನನ್ನ ಗುಮಾನಿ. ಸಣ್ಣ ಮಕ್ಕಳು ಕೇಳಿದ ಕಥೆಗೆ ತಲೆಯಾಡಿಸುತ್ತಾರೆ. ದೊಡ್ಡವರು ಹಿಡಿಸದಿದ್ದರೂ ಮುಖ ನೋಡಿ ಮಾತಾಡುತ್ತಾರೆ. ಹದಿನೈದರವರಿಗೆ ಈ ಎರಡೂ ಬರುವುದಿಲ್ಲ. ಬುದ್ಧಿ ಹೇಳಲು ಹೊರಟಿದ್ದೀರಿ ಎಂದು ಗೊತ್ತಾದ ಕ್ಷಣವೇ ಪುಸ್ತಕ ಮುಚ್ಚುತ್ತಾರೆ. ಮೊಬೈಲು ಬಂದು ಓದು ಕೆಟ್ಟಿತು ಎಂದು ನಾವು ಹೇಳುತ್ತೇವೆ. ಅವರ ಶಾಲೆಯೊಳಗಿನ ಗುಂಪುಗಾರಿಕೆ, ಟ್ಯೂಷನ್ನಿನ ಒತ್ತಡ, ಎಸ್ಸೆಸ್ಸೆಲ್ಸಿಯ ಹೆದರಿಕೆ, ಮನೆಯಲ್ಲಿ ಯಾರಿಗೂ ಹೇಳಲಾಗದ ಸಂಗತಿಗಳು, ಇವು ಇದ್ದದ್ದು ಇದ್ದಂತೆ ಬಂದಿರುವ ಕನ್ನಡ ಕಾದಂಬರಿಯೊಂದನ್ನು ಅವರ ಕೈಗೆ ಕೊಟ್ಟು ನೋಡಿದ ಮೇಲೆ ತಾನೆ ಹಾಗೆ ಹೇಳಬೇಕಾದದ್ದು?

ಅದಕ್ಕೆ, ಹೈಸ್ಕೂಲುಗಳ ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನಲ್ಲೋ ಪಕ್ಕದ ಊರಿನಲ್ಲೋ ಕಥೆ ಕಾದಂಬರಿ ಬರೆಯುವವರು ಒಬ್ಬರಾದರೂ ಇರುತ್ತಾರೆ. ಅವರನ್ನು ನಿಮ್ಮ ಶಾಲೆಗೆ ಕರೆಯಿರಿ. ವಾರ್ಷಿಕೋತ್ಸವಕ್ಕೆ ಬೇಡ, ಶಾಲು, ಹಾರ, ಹಣ್ಣಿನ ಬುಟ್ಟಿ, ಅಧ್ಯಕ್ಷರ ಭಾಷಣ ಯಾವುದೂ ಬೇಡ. ಒಂದು ತಿಂಗಳು ಮೊದಲೇ ಅವರ ಒಂದು ಪುಸ್ತಕವನ್ನು ಮಕ್ಕಳಿಗೆ ಓದಲು ಕೊಟ್ಟಿರಿ. ಆಮೇಲೆ ಒಂದು ಮಾಮೂಲಿ ದಿನ, ಎರಡು ಪೀರಿಯಡ್ ಬಿಟ್ಟುಕೊಟ್ಟು, ಮೇಷ್ಟ್ರುಗಳೆಲ್ಲ ಸ್ಟಾಫ್ ರೂಮಿಗೆ ಹೋಗಿ ಕೂತುಕೊಳ್ಳಿ. ಮಕ್ಕಳು ಏನು ಬೇಕಾದರೂ ಕೇಳಲಿ. ಬರುವ ಲೇಖಕ ಮಿತ್ರರಿಗೂ ಒಂದು ಮಾತು: ಉಪದೇಶ 15 ನಿಮಿಷ ಮೀರದಿರಲಿ, ಹೊರಡುವ ಮೊದಲು ಕಪ್ಪುಹಲಗೆಯ ಮೇಲೆ ನಿಮ್ಮ ವಿಳಾಸ ಬರೆದು ಬನ್ನಿ. ಕಾಗದ ಬಂದರೆ ಉತ್ತರ ಬರೆಯಿರಿ.